ದಪ್ಪ ಎಣ್ಣೆ, ತೆಳು ಎಣ್ಣೆ ಮತ್ತು ನಮ್ಮ ಬಿಸಿಲು

ನಮ್ಮ ಕಡೆ ಎಣ್ಣೆ ಅಂದರೆ ಯಾವ ಎಣ್ಣೆ ಎಂಬುದನ್ನು ಕೇಳಿದವರ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಅಡುಗೆಮನೆಯಿಂದ ದನಿ ಬಂದರೆ ಶೇಂಗಾ ಎಣ್ಣೆ, ಇಲ್ಲವೇ ಕುಸುಬಿ ಎಣ್ಣೆ. ಅಜ್ಜಿ ಕೇಳಿದರೆ ನೆತ್ತಿಗೆ ತಟ್ಟುವ ಔಡಲ ಎಣ್ಣೆ. ಸಂಜೆ ಏಳರ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ ಯಾರಾದರೂ ಪಿಸುಗುಟ್ಟಿದರೆ ಅದು ಬೇರೆಯೇ ಎಣ್ಣೆ, ಅದರ ಮಾತು ಇಲ್ಲಿ ಬೇಡ. ಎತ್ತಿನ ಬಂಡಿಗಳಿದ್ದ ಕಾಲದಲ್ಲಿ ಇನ್ನೊಂದಿತ್ತು, ಕೀಲೆಣ್ಣೆ. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ನಳಿಗೆಯಲ್ಲಿ ತುಂಬಿ ಬಂಡಿಗೆ ತೂಗುಬಿಡುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಸಾಕು, ಇಳಿದು ಅಚ್ಚಿಗೆ ಸವರುತ್ತಿದ್ದರು. ಗಾಲಿ ಒಣಗಿ ತಿರುಗಿದರೆ ಅಚ್ಚು ತಿನ್ನುತ್ತದೆ ಎಂಬ ಜ್ಞಾನ ನಮ್ಮ ಹಿರಿಯರಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಆ ಔಡಲ ಎಣ್ಣೆಗೂ ಇಂದಿನ ಕಾರಿನ ಎಣ್ಣೆಗೂ ನಂಟಿದೆ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ ಲಂಡನ್ನಿನಲ್ಲಿ ಶುರು ಮಾಡಿದ ಕಂಪನಿ ಕೆಲ ವರ್ಷಗಳ ನಂತರ ಎಂಜಿನ್ ಎಣ್ಣೆಗೆ ಕ್ಯಾಸ್ಟರ್ ಎಣ್ಣೆ, ಅಂದರೆ ನಮ್ಮ ಇದೇ ಔಡಲ ಎಣ್ಣೆಯನ್ನು ಬೆರೆಸಿತು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹಾಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನೌಕರಿ ಆಳಂದದಲ್ಲಿ ಶುರುವಾಗಿ, ಅಫಜಲಪುರಕ್ಕೆ ಬಂದು, ಈಗ ಜೇವರ್ಗಿಯಲ್ಲಿ ನಿಂತಿದೆ. ಮೂರೂ ತಾಲ್ಲೂಕುಗಳ ನಡುವೆ ಇರುವುದು ಎರೆಮಣ್ಣು, ತೊಗರಿ, ಕಬ್ಬು ಮತ್ತು ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನನ್ನ ತಮ್ಮ ಅಫಜಲಪುರದಲ್ಲಿ ಒಂದು ಹಳೆಯ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸುತ್ತಾನೆ. ಹುಣ್ಣಿಮೆಗೆ ಗಾಣಗಾಪುರದ ದತ್ತನ ದರ್ಶನಕ್ಕೆ ಬರುವವರು, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗುವವರು, ಮದುವೆಯ ಬೀಗರು ಅವನ ಹಗಲಿನ ಗಿರಾಕಿಗಳು. ರಾತ್ರಿಯ ಗಿರಾಕಿಗಳು ಬೇರೆ. ಎದೆ ಹಿಡಿದುಕೊಂಡವರು, ದಿನ ತುಂಬಿದ ಹೆಣ್ಣುಮಕ್ಕಳು, ಹಾವು ಕಡಿದವರು. ಅವರನ್ನು ಕಲಬುರಗಿಗೋ ಸೋಲಾಪುರಕ್ಕೋ ಮುಟ್ಟಿಸಬೇಕು. ಹೀಗಾಗಿ ಆ ಕಾರಿನ ಬಾನೆಟ್ಟಿನ ಕೆಳಗೆ ಯಾವ ಎಣ್ಣೆ ಇದೆ ಎಂಬುದು ಬರೀ ಕಾರಿನ ಹುಚ್ಚಿರುವವರ ಚರ್ಚೆಯಾಗಿ ಉಳಿಯುವುದಿಲ್ಲ.

ಮೂರು ವರ್ಷದ ಹಿಂದೆ ಅವನು ಕಾರು ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಒಬ್ಬ ಮುದುಕರನ್ನು ರಾತ್ರಿ ಸೋಲಾಪುರಕ್ಕೆ ಒಯ್ಯುತ್ತಿದ್ದಾಗ, ಅಕ್ಕಲಕೋಟ ಇನ್ನೂ ಬರುವ ಮೊದಲೇ ಗಾಡಿಯ ಜೋರು ಇಳಿದುಹೋಯಿತು. ಹಿಂದೆ ನೀಲಿ ಹೊಗೆ, ಮುಂದೆ ಸೀಟಿ ಹೊಡೆದಂಥ ಸದ್ದು. ಹಿಂದಿನಿಂದ ಬಂದ ಜೀಪೊಂದು ಮುದುಕರನ್ನು ಹತ್ತಿಸಿಕೊಂಡು ಹೋಯಿತು, ಅವರು ಬದುಕಿದರು. ತಮ್ಮ ಬೆಳಗಿನವರೆಗೆ ರಸ್ತೆ ಬದಿ ಕುಳಿತ. ಬಿಚ್ಚಿ ನೋಡಿದಾಗ ಟರ್ಬೊ ಹೋಗಿತ್ತು. ಅದಕ್ಕೆ ಎಣ್ಣೆ ಒಯ್ಯುವ ಸಣ್ಣ ಕೊಳವೆಯಲ್ಲಿ ಡಾಂಬರಿನಂಥ ಕರಿ ಮಡ್ಡಿ ಕಟ್ಟಿತ್ತು. ಎರಡು ತಿಂಗಳಲ್ಲಿ ಕಟ್ಟುವ ಮಡ್ಡಿ ಅಲ್ಲ ಅದು, ಹಿಂದಿನ ಮಾಲಕರ ಕಾಲದ್ದು. ದುರಸ್ತಿಯ ಬಿಲ್ಲು ಅವನ ಐದು ತಿಂಗಳ ಕಂತಿನಷ್ಟಾಯಿತು.

ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದಕ್ಕೆ ಗುಂಡುಗಳ ಬೇರಿಂಗ್ ಸಾಮಾನ್ಯವಾಗಿ ಇರುವುದಿಲ್ಲ, ಅದು ತೇಲುವುದೇ ಎಣ್ಣೆಯ ಪದರದ ಮೇಲೆ. ಎಣ್ಣೆ ತಡವಾಗಿ ಬಂದರೆ, ಕಡಿಮೆ ಬಂದರೆ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಬಂಡಿಯ ಅಚ್ಚಿನ ಕತೆಯೇ, ವೇಗ ಮಾತ್ರ ಬೇರೆ.

ಗಾಡಿ ಮತ್ತೆ ನಿಂತ ಮೇಲೆ ಮುಂದೆ ಯಾವ ಎಣ್ಣೆ ಹಾಕಬೇಕು ಎಂಬ ಪ್ರಶ್ನೆ ಬಂತು. ತಮ್ಮನ ಗೆಳೆಯರಾದ ಡ್ರೈವರುಗಳು ಒಂದೇ ದನಿಯಲ್ಲಿ ಹೇಳಿದ್ದು, ದಪ್ಪ ಎಣ್ಣೆ, 20ಡಬ್ಲ್ಯೂ-50. ಅಫಜಲಪುರದ ನಮ್ಮ ಉಸ್ತಾದರೂ ಅದನ್ನೇ ಹೇಳಿದರು. ಜೀಪು, ಅಂಬಾಸಿಡರ್, ಟ್ರ್ಯಾಕ್ಸುಗಳ ಕಾಲದಿಂದ ನಲವತ್ತು ವರ್ಷ ಎಂಜಿನ್ ಬಿಚ್ಚಿದ ಕೈ ಅದು. ಎಣ್ಣೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡಿಯೇ ಅದರ ಆಯುಷ್ಯ ಹೇಳುವವರು.

"ಸರಾ, ನಮ್ಮ ಬಿಸಲಿಗಿ ಪತಲಾ ಎಣ್ಣಿ ನಡಿಯಂಗಿಲ್ಲ. ಮುಂಜಾನಿ ಎಣ್ಣಿ ಇರ್ತದ, ಮಧ್ಯಾಹ್ನಕ್ಕ ನೀರ ಆಗ್ತದ. ಈ ಪುಸ್ತಕ ಬರ್ದವರು ಜಪಾನದಾಗ ಕುಂತು ಬರ್ದಾರ."

ಗಾಡಿಯ ಪುಸ್ತಕದಲ್ಲಿ ಇದ್ದದ್ದು 5ಡಬ್ಲ್ಯೂ-40. ನನ್ನ ಸಣ್ಣ ಪೆಟ್ರೋಲ್ ಕಾರಿನ ಪುಸ್ತಕದಲ್ಲಿ ಇನ್ನೂ ತೆಳ್ಳನೆಯದು, 0ಡಬ್ಲ್ಯೂ-20. ಉಸ್ತಾದರ ಲೆಕ್ಕದಲ್ಲಿ ಅದು ಎಣ್ಣೆಯೇ ಅಲ್ಲ. ಅವರ ಮಾತನ್ನು ತಳ್ಳಿಹಾಕುವ ಮೊದಲು ಈ ಅಂಕಿಗಳು ಏನು ಹೇಳುತ್ತವೆ ಎಂದು ನೋಡಬೇಕಿತ್ತು.

ಶಾಲೆಯ ಪುಸ್ತಕ ಸ್ನಿಗ್ಧತೆ ಎನ್ನುತ್ತದೆ, ಗ್ಯಾರೇಜು ಪತಲಾ, ಗಾಢಾ ಎನ್ನುತ್ತದೆ. ದ್ರವವೊಂದು ಹರಿಯಲು ಎಷ್ಟು ಹಟ ಮಾಡುತ್ತದೆ ಎಂಬುದರ ಅಳತೆ ಅದು. 1905ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಎಂಜಿನ್ ಎಣ್ಣೆಗಳನ್ನು ಈ ಹಟಕ್ಕೆ ತಕ್ಕಂತೆ ವಿಂಗಡಿಸಿತು. ಡಬ್ಬಿಯ ಮೇಲಿನ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿರುವ ಅಂಕಿ ಕೊರೆಯುವ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗುವಷ್ಟು ಎಣ್ಣೆ ಸಡಿಲವಾಗಿರುತ್ತದೆಯೇ ಎಂಬ ಪರೀಕ್ಷೆಯದು. 0ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 5ಡಬ್ಲ್ಯೂ 30 ಡಿಗ್ರಿ ಕೆಳಗೆ, 15ಡಬ್ಲ್ಯೂ 20 ಡಿಗ್ರಿ ಕೆಳಗೆ, 20ಡಬ್ಲ್ಯೂ 15 ಡಿಗ್ರಿ ಕೆಳಗೆ. ನಮ್ಮ ತೊಗರಿ ಹೊಲದ ಡಿಸೆಂಬರ್ ಎಷ್ಟೇ ನಡುಗಿಸಿದರೂ ಸೊನ್ನೆಯ ಮುಖ ನೋಡುವುದಿಲ್ಲ. ಹಾಗಾಗಿ ಮೊದಲ ಅಂಕಿಯ ಪರೀಕ್ಷೆಯಲ್ಲಿ ಇಲ್ಲಿ ಎಲ್ಲ ಎಣ್ಣೆಗಳೂ ಪಾಸು. ಉಸ್ತಾದರ ಮಾತಿನಲ್ಲಿ ಇಷ್ಟು ಸತ್ಯವಿದೆ.

ಎರಡನೆಯ ಅಂಕಿ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ದಪ್ಪವಿರಬೇಕು ಎಂಬುದನ್ನು ಹೇಳುತ್ತದೆ. ಅಳತೆಯ ಮಾನ ಸೆಂಟಿಸ್ಟೋಕ್. 20 ಅಂದರೆ 6.9ರಿಂದ 9.3ರ ಒಳಗೆ. 30 ಅಂದರೆ 9.3ರಿಂದ 12.5. 40 ಅಂದರೆ 12.5ರಿಂದ 16.3. 50 ಅಂದರೆ 16.3ರಿಂದ 21.9. ಈ 100 ಡಿಗ್ರಿ ಯಾಕೆಂದರೆ ಓಡಿ ಕಾದ ಎಂಜಿನ್ನಿನಲ್ಲಿ ಎಣ್ಣೆ ಸುಮಾರು ಅಲ್ಲೇ ಇರುತ್ತದೆ. ಹೊರಗೆ 25 ಇರಲಿ, 43 ಇರಲಿ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಎಂಜಿನ್ನಿನ ನೀರನ್ನು 90ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಬೇಸಿಗೆಯಲ್ಲಿ ಎಣ್ಣೆ ಒಂದಿಷ್ಟು ಹೆಚ್ಚು ಕಾಯುತ್ತದೆ ನಿಜ, ಆದರೆ ಹೊರಗಿನ ಬಿಸಿಲು ಏರಿದಷ್ಟೇ ಒಳಗಿನದೂ ಏರುವುದಿಲ್ಲ. ಜಪಾನಿನ ಎಂಜಿನ್ನೂ ಜೇವರ್ಗಿಯ ಎಂಜಿನ್ನೂ ಒಳಗೊಳಗೆ ಹೆಚ್ಚುಕಡಿಮೆ ಒಂದೇ ಊರಿನಲ್ಲಿ ವಾಸಿಸುತ್ತವೆ.

ಎಣ್ಣೆಯ ಕಂಪನಿಗಳು ಇನ್ನೊಂದು ಅಳತೆಯನ್ನೂ ಕೊಡುತ್ತವೆ, 40 ಡಿಗ್ರಿಯಲ್ಲಿ ಎಣ್ಣೆಯ ದಪ್ಪ ಎಷ್ಟು ಎಂಬುದು. ಪ್ರಯೋಗಾಲಯದ ಲೆಕ್ಕದಲ್ಲಿ ಅದು ಎಣ್ಣೆ ಇನ್ನೂ ತಣ್ಣಗಿರುವ ಸ್ಥಿತಿ. ನನಗೆ ನಗು ಬಂದದ್ದು ಇಲ್ಲೇ. ಅವರ ತಣ್ಣನೆಯ 40 ನಮ್ಮ ಮೇ ತಿಂಗಳ ಬೇವಿನ ಮರದ ನೆರಳು. ಆ ನೆರಳಿನಲ್ಲಿ 20ಡಬ್ಲ್ಯೂ-50 ಸಾಮಾನ್ಯವಾಗಿ 160 ಸೆಂಟಿಸ್ಟೋಕಿನ ಆಸುಪಾಸು ಇರುತ್ತದೆ. 15ಡಬ್ಲ್ಯೂ-40 ಸುಮಾರು 105, 5ಡಬ್ಲ್ಯೂ-40 ಸುಮಾರು 90, 5ಡಬ್ಲ್ಯೂ-30 ಸುಮಾರು 65, 0ಡಬ್ಲ್ಯೂ-20 ಸುಮಾರು 45. ಕೆಲಸ ಮಾಡುವಾಗ ಇವು ಇರುವುದು 8ರಿಂದ 19ರ ನಡುವೆ. ಅಂದರೆ ನಮ್ಮ ಕಡುಬೇಸಿಗೆಯ ಮಧ್ಯಾಹ್ನದಲ್ಲೂ, ಕೀಲಿ ತಿರುವುವ ಗಳಿಗೆಯಲ್ಲಿ, ಎಣ್ಣೆ ತನ್ನ ಕೆಲಸದ ದಪ್ಪಕ್ಕಿಂತ ಐದರಿಂದ ಎಂಟು ಪಟ್ಟು ದಪ್ಪವಾಗಿಯೇ ಇರುತ್ತದೆ. ಉಸ್ತಾದರು ನೀರು ಎಂದು ಬೈಯುವ 0ಡಬ್ಲ್ಯೂ-20 ನೆರಳಿನಲ್ಲಿ ನಿಂತಾಗ, ಅವರು ನಂಬಿದ 20ಡಬ್ಲ್ಯೂ-50 ಓಡಿ ಕಾದಾಗ ಇರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ.

ಇದನ್ನು ಬಾಯಿಂದ ಹೇಳಿ ನಂಬಿಸುವುದು ಕಷ್ಟ. ಶಾಲೆಯ ಬುದ್ಧಿ ಓಡಿಸಿ, ಔಷಧಿಯ ಎರಡು ಗಾಜಿನ ಬಾಟಲಿಗಳಲ್ಲಿ ಎರಡು ಎಣ್ಣೆ ತುಂಬಿ, ಮೇಲೆ ಬೆರಳಷ್ಟು ಜಾಗ ಬಿಟ್ಟು ಮುಚ್ಚಿದೆ. ಬಾಟಲಿ ತಲೆಕೆಳಗು ಮಾಡಿದರೆ ಗಾಳಿಯ ಗುಳ್ಳೆ ಮೇಲಕ್ಕೆ ಏರುತ್ತದೆ. ದಪ್ಪ ಎಣ್ಣೆಯಲ್ಲಿ ನಿಧಾನ, ತೆಳುವಿನಲ್ಲಿ ಬೇಗ. ಗ್ಯಾರೇಜಿನ ಕಟ್ಟೆಯ ಮೇಲೆ ಮೊದಲು ಎರಡನ್ನೂ ಹಾಗೆಯೇ ತಿರುವಿದೆವು. 0ಡಬ್ಲ್ಯೂ-20ರ ಗುಳ್ಳೆ ಗೆದ್ದಿತು. ಉಸ್ತಾದರು ನೋಡಿದಿರಾ ಎಂಬಂತೆ ನಕ್ಕರು. ಆಮೇಲೆ 20ಡಬ್ಲ್ಯೂ-50ರ ಬಾಟಲಿಯನ್ನು ಚಹಾದಂಗಡಿಯಿಂದ ತಂದ ಕುದಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒರೆಸಿ, ಮತ್ತೆ ಎರಡನ್ನೂ ಒಟ್ಟಿಗೆ ತಿರುವಿದೆವು. ಈ ಸಲ ದಪ್ಪ ಎಣ್ಣೆಯ ಗುಳ್ಳೆ ಸರಕ್ಕನೆ ಏರಿತು, ತೆಳು ಎಣ್ಣೆಯದು ಹಿಂದೆ ಉಳಿಯಿತು. ಉಸ್ತಾದರು ತಾವೇ ನಾಲ್ಕು ಸಲ ತಿರುವಿ ನೋಡಿದರು. ಏನೂ ಅನ್ನಲಿಲ್ಲ. ಹುಡುಗನಿಗೆ ಚಹಾ ಹೇಳಿದರು.

ಚಹಾ ಕುಡಿಯುತ್ತ ಅವರು ಹೇಳಿದ ಮಾತು ನನ್ನ ಬಾಟಲಿಗಿಂತ ದೊಡ್ಡದು.

"ನಿಮ್ಮ ಲೆಕ್ಕ ಖರೆ ಅದ ಸರಾ. ಖರೆ ನಮ್ಮ ಕಡಿ ಬರೋ ಗಾಡಿ ಎಂಥವು? ಎರಡು ಲಕ್ಷ, ಮೂರು ಲಕ್ಷ ಕಿಲೋಮೀಟರ್ ಓಡಿದವು. ರಿಂಗ್ ಸವದಾವ, ಬೇರಿಂಗ್ ಸವದಾವ. ಎಂಜಿನ್ ಬಿಚ್ಚು ಅಂದ್ರ ಅವನ ಹತ್ರ ರೊಕ್ಕ ಇಲ್ಲ. ಗಾಢಾ ಎಣ್ಣಿ ಹಾಕಿದ್ರ ಹೊಗಿ ಕಮ್ಮಿ ಆಗ್ತದ, ಸಪ್ಪಳ ಕಮ್ಮಿ ಆಗ್ತದ, ಇನ್ನೊಂದು ವರ್ಷ ನಡೀತದ. ನಾ ಏನ್ ಮಾಡ್ಲಿ?"

ದಪ್ಪ ಎಣ್ಣೆ ಬಡವರ ಓವರ್‌ಹಾಲ್. ಸವೆದು ಅಗಲವಾದ ಸಂದುಗಳನ್ನು ತುಂಬಿ, ಎಣ್ಣೆಯ ಒತ್ತಡವನ್ನು ಕಷ್ಟಪಟ್ಟು ಹಿಡಿದು, ಅದು ಮುದಿ ಎಂಜಿನ್ನಿಗೆ ಊರುಗೋಲು ಕೊಡುತ್ತದೆ. ಅಂಬಾಸಿಡರ್, ಹಳೆಯ ಜೀಪುಗಳಲ್ಲಿ ಆ ಸಂದುಗಳು ಹುಟ್ಟುವಾಗಲೇ ಅಗಲವಾಗಿದ್ದವು, ಅವುಗಳಿಗೆ ಅದೇ ತಕ್ಕ ಎಣ್ಣೆ. ಉಸ್ತಾದರ ಜ್ಞಾನ ಹುಟ್ಟಿದ್ದು ಆ ಎಂಜಿನ್ನುಗಳ ಹೊಟ್ಟೆಯಲ್ಲಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಆ ಜ್ಞಾನ ಮಾತ್ರ ಕೈಯಲ್ಲಿ ಉಳಿದು ಹೊಸ ಗಾಡಿಗಳಿಗೂ ಹರಿಯಿತು. ಆದರೆ ಈ ಊರುಗೋಲಿಗೆ ಇನ್ನೊಂದು ಬಳಕೆಯೂ ಇದೆ. ಗಾಡಿ ಮಾರುವ ಮುನ್ನ ದಪ್ಪ ಎಣ್ಣೆ ಸುರಿದರೆ ಎಂಜಿನ್ನಿನ ಬಡಿತ ಕೆಲ ದಿನ ಅಡಗುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಮೊದಲು ಡಿಪ್‌ಸ್ಟಿಕ್ ಎಳೆದು ನೋಡಲಿ, ಎಣ್ಣೆ ತುಂಬುವ ಮುಚ್ಚಳ ತಿರುವಿ ಅದರ ಒಳಮೈಗೆ ಮಡ್ಡಿ ಹತ್ತಿದೆಯೇ ನೋಡಲಿ. ಟೈರು, ಬಣ್ಣ, ಸೀಟಿನ ಕವರು ಆಮೇಲೆ.

ಹೊಸ ಎಂಜಿನ್ನುಗಳ ಮಾತು ಬೇರೆ. ಅವುಗಳ ಸಂದು ಕಿರಿದು, ಎಣ್ಣೆಯ ದಾರಿ ಸಣ್ಣದು, ವಾಲ್ವಿನ ಸಮಯ ಬದಲಿಸುವ ಯಂತ್ರ ಕೂಡ ಎಣ್ಣೆಯ ಒತ್ತಡದಿಂದಲೇ ಆಡುತ್ತದೆ. 0ಡಬ್ಲ್ಯೂ-20ರಂಥ ಎಣ್ಣೆ ಬಂದದ್ದರ ಹಿಂದೆ ಪೆಟ್ರೋಲ್ ಉಳಿಸುವ ಒತ್ತಾಯವಿದೆ. ತೆಳು ಎಣ್ಣೆಯನ್ನು ಕಲಕಲು ಎಂಜಿನ್ ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ಆದರೆ ಅದು ಆ ಎಣ್ಣೆಗೆಂದೇ ಕಟ್ಟಿದ ಎಂಜಿನ್ನಿಗೆ ಮಾತ್ರ. ನನ್ನ ಪೆಟ್ರೋಲ್ ಕಾರಿಗೆ ತಕ್ಕದ್ದನ್ನು ತಮ್ಮನ ಡೀಸೆಲಿಗೆ ಸುರಿದರೆ ಅದೂ ಅಪಾಯವೇ. ಯಾಕೆಂದರೆ 100 ಡಿಗ್ರಿಯ ಅಳತೆಯ ಆಚೆ ಇನ್ನೊಂದು ಅಳತೆಯಿದೆ. 150 ಡಿಗ್ರಿ ಕಾವಿನಲ್ಲಿ, ಬೇರಿಂಗಿನೊಳಗೆ ಎಣ್ಣೆ ಅರೆಯಲ್ಪಡುವಾಗ ಪದರ ಎಷ್ಟು ಉಳಿಯುತ್ತದೆ ಎಂಬುದು. 20ರ ಎಣ್ಣೆಗೆ ಅಲ್ಲಿ ಕನಿಷ್ಠ 2.6 ಇದ್ದರೆ ಸಾಕು, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5. ಹೇರು ಹೊತ್ತು ಓಡುವ ಟರ್ಬೊ ಡೀಸೆಲಿಗೆ ಈ 3.5 ಬೇಕು.

ಇದರಿಂದಲೇ ಇನ್ನೊಂದು ತೊಡಕು. ಎರಡು ಡಬ್ಬಿಗಳ ಮೇಲೆ 5ಡಬ್ಲ್ಯೂ-30 ಎಂದೇ ಬರೆದಿದ್ದರೂ ಎರಡೂ ಒಂದೇ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರದು ಬಿಎಸ್-6 ಡೀಸೆಲ್. 2020ರ ಏಪ್ರಿಲ್ 1ರಿಂದ ಈ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಕೂತಿದೆ. ಎಣ್ಣೆ ಉರಿದಾಗ ಉಳಿಯುವ ಬೂದಿ ಆ ಜಾಲರಿಯನ್ನು ಕಟ್ಟುತ್ತದೆ. ಅದಕ್ಕಾಗಿ ಯುರೋಪಿನ ಕಾರು ತಯಾರಕರ ಸಂಘ ಬೂದಿ ಕಡಿಮೆಯಿರುವ ಎಣ್ಣೆಗಳಿಗೆ ಸಿ ಎಂಬ ದರ್ಜೆ ಮಾಡಿದೆ. ಸಿ3 ಎಂದಿರುವ 5ಡಬ್ಲ್ಯೂ-30ರಲ್ಲಿ ಬೂದಿಯೂ ಕಡಿಮೆ, 150 ಡಿಗ್ರಿಯ ಅಳತೆಯೂ 3.5ಕ್ಕೆ ಕಡಿಮೆಯಿಲ್ಲ. ಪೆಟ್ರೋಲ್ ಕಾರಿನ ಸಾದಾ 5ಡಬ್ಲ್ಯೂ-30ಕ್ಕೆ ಈ ಎರಡೂ ಕಟ್ಟಳೆ ಇಲ್ಲ. ಆದ್ದರಿಂದ ದೊಡ್ಡ ಅಕ್ಷರದ ಅಂಕಿಯ ಜೊತೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಬೇಕು.

ಇನ್ನು ಸಿಂಥೆಟಿಕ್. ಈ ಪದ ಕೇಳಿದರೆ ಫ್ಯಾಕ್ಟರಿಯಲ್ಲಿ ಕಣ ಕಣ ಜೋಡಿಸಿ ಮಾಡಿದ ಎಣ್ಣೆ ಎನಿಸುತ್ತದೆ. ಅಂಥದ್ದೂ ಇದೆ, ಎಥಿಲೀನ್ ಅನಿಲದಿಂದ ಕಟ್ಟುವುದು. ಆದರೆ ಕಚ್ಚಾ ತೈಲವನ್ನೇ ಹೈಡ್ರೋಜನ್ನಿನೊಂದಿಗೆ ಒತ್ತಡದಲ್ಲಿ ಒಡೆದು ಶುದ್ಧ ಮಾಡಿದ್ದನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಎಣ್ಣೆ ಕಂಪನಿಗಳ ನಡುವೆ ಈ ಹೆಸರಿಗಾಗಿ ತಕರಾರು ಎದ್ದಾಗ, ಜಾಹೀರಾತುಗಳನ್ನು ಪರಿಶೀಲಿಸುವ ಸಂಸ್ಥೆ ಎರಡನೆಯದನ್ನೂ ಸಿಂಥೆಟಿಕ್ ಎನ್ನಬಹುದು ಎಂದಿತು. ಗಿರಾಕಿಗೆ ಇದರಿಂದ ಮೋಸವಾಯಿತು ಎಂದೇನಲ್ಲ, ಎರಡೂ ಸಾದಾ ಖನಿಜ ಎಣ್ಣೆಗಿಂತ ಮೇಲು.

ಮೇಲು ಹೇಗೆ? ಸಾದಾ ಎಣ್ಣೆ ಕಾದಾಗ ಬೇಗ ತೆಳುವಾಗುತ್ತದೆ. ಹಾಗಾಗದಂತೆ ಅದಕ್ಕೆ ಉದ್ದುದ್ದ ಪಾಲಿಮರ್ ಎಳೆಗಳನ್ನು ಬೆರೆಸುತ್ತಾರೆ. ತಣ್ಣಗಿದ್ದಾಗ ದಾರದುಂಡೆಯಂತೆ ಮುದುಡಿರುತ್ತವೆ, ಕಾದಾಗ ಬಿಚ್ಚಿಕೊಂಡು ಎಣ್ಣೆಯ ಹರಿವನ್ನು ತಡೆಯುತ್ತವೆ. ಆದರೆ ಗೇರು, ಬೇರಿಂಗುಗಳ ನಡುವೆ ಸಿಕ್ಕಿ ಎಳೆಗಳು ಹರಿಯುತ್ತ ಹೋದಂತೆ ಎಣ್ಣೆ ತನ್ನ ದರ್ಜೆಯಿಂದ ಇಳಿಯುತ್ತದೆ. ಸಿಂಥೆಟಿಕ್ ಎಣ್ಣೆ ತಾನಾಗಿಯೇ ಕಾವಿಗೆ ಅಷ್ಟು ಬಗ್ಗುವುದಿಲ್ಲವಾದ್ದರಿಂದ ಈ ಎಳೆಗಳ ಹಂಗು ಅದಕ್ಕೆ ಕಡಿಮೆ. ಎರಡನೆಯದು ಆವಿ. ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಹಾರಿಹೋಯಿತು ಎಂದು ಅಳೆಯುವ ಪರೀಕ್ಷೆಯಿದೆ, ಸಿಂಥೆಟಿಕ್ ಅಲ್ಲಿ ಕಡಿಮೆ ಕಳೆದುಕೊಳ್ಳುತ್ತದೆ. ಮೂರನೆಯದು ಮುಪ್ಪು. ಕಾವು 10 ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ.

ನಮ್ಮ ಬಿಸಿಲು ತನ್ನ ಪಾಲು ಕೇಳುವುದು ಈ ಮೂರನೆಯ ಜಾಗದಲ್ಲಿ. ಚಳಿಗಾಲವೂ ಸುಲಭವಲ್ಲ. ಕಬ್ಬಿನ ಹಂಗಾಮಿನಲ್ಲಿ ಹವಳಗಾ, ಭೂಸನೂರು ಕಾರ್ಖಾನೆಗಳ ಕಡೆ ಜೋಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ಮೈಲಿಗಟ್ಟಲೆ ತೆವಳಬೇಕು, ಎದುರಿನ ಗಾಳಿ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಗಾಳಿಯ ಫಿಲ್ಟರು ವಾರದಲ್ಲೇ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ಧೂಳು ಒಳಗೆ ಹೋದರೆ ಎಣ್ಣೆಯನ್ನೇ ಉಸುಕಿನ ಕಾಗದ ಮಾಡುತ್ತದೆ. ಇದಕ್ಕೆಲ್ಲ ಉತ್ತರ ದಪ್ಪ ಎಣ್ಣೆಯಲ್ಲಿ ಇಲ್ಲ. ಕೆಡದೆ ಬಾಳುವ ಎಣ್ಣೆ, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸುವ ಶಿಸ್ತು, ಸ್ವಚ್ಛ ಫಿಲ್ಟರು, ಇಷ್ಟೇ.

ತಮ್ಮನಿಗೆ ರೊಕ್ಕದ ಲೆಕ್ಕ ಬೇಕಿತ್ತು. ಅವನು ತಿಂಗಳಿಗೆ ಸುಮಾರು 4,000 ಕಿಲೋಮೀಟರ್ ಓಡಿಸುತ್ತಾನೆ. ಖನಿಜ ಎಣ್ಣೆಯನ್ನು 5,000ಕ್ಕೆ ಬದಲಿಸಿದರೆ ವರ್ಷಕ್ಕೆ ಹತ್ತು ಸಲ. ಸಿಂಥೆಟಿಕ್ಕಿಗೆ ಪುಸ್ತಕ 10,000 ಎಂದರೂ ನಮ್ಮ ಧೂಳಿಗೆ 8,000 ಎಂದು ಹಿಡಿದೆವು. ವರ್ಷಕ್ಕೆ ಆರು ಸಲ. ಅದರ ಬೆಲೆ ಸುಮಾರು ಎರಡು ಪಟ್ಟು. ಎಣ್ಣೆಯ ಖರ್ಚು ತುಸು ಹೆಚ್ಚೇ ಆಯಿತು. ಆದರೆ ನಾಲ್ಕು ಫಿಲ್ಟರು ಉಳಿದವು, ಗಾಡಿ ನಿಲ್ಲುವ ನಾಲ್ಕು ಅರ್ಧ ದಿನ ಉಳಿದವು. ಹೆಚ್ಚುಕಡಿಮೆ ಸರಿಸಮ. ಉಳಿದ ಲಾಭ ಎಂಜಿನ್ನಿನೊಳಗೆ, ಕಣ್ಣಿಗೆ ಕಾಣದು. ಅವನು ಪುಸ್ತಕದ 5ಡಬ್ಲ್ಯೂ-40 ಅನ್ನೇ ಹಾಕಿಸಿದ. ಮೊದಲ ಎರಡು ಸಲ ಹಳೆಯ ಮಡ್ಡಿ ಕರಗಿ ಬರಲೆಂದು 3,000ಕ್ಕೇ ಬದಲಿಸಿದ. ಡೀಸೆಲ್ ಎಣ್ಣೆ ನಾಲ್ಕೇ ದಿನಕ್ಕೆ ಕಪ್ಪಾದಾಗ ಗಾಬರಿಯಿಂದ ಫೋನು ಮಾಡಿದ. ಕಪ್ಪಾದರೆ ಎಣ್ಣೆ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಂಡಿದೆ ಎಂದರ್ಥ, ಕೆಟ್ಟಿದೆ ಎಂದಲ್ಲ ಎಂದೆ. ದೂರ ಓಡಿಸಿ ಬಂದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಬಿಟ್ಟು ಆಫ್ ಮಾಡು, ಟರ್ಬೊ ತಣ್ಣಗಾಗಲಿ ಎಂದೂ ಹೇಳಿದೆ. ಅದನ್ನು ಅವನು ಆಸ್ಪತ್ರೆಯ ಬಾಗಿಲಲ್ಲೂ ಪಾಲಿಸುತ್ತಾನೆ, ರೋಗಿಯನ್ನು ಇಳಿಸಿಕೊಳ್ಳುವಷ್ಟು ಹೊತ್ತು ಹೇಗೂ ಬೇಕಲ್ಲ.

ಬಸಿದ ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಸುಟ್ಟ ಎಣ್ಣೆಗೆ ಗಿರಾಕಿಗಳು ಬಹಳ. ಸೆಂಟ್ರಿಂಗ್ ಹಲಗೆಗೆ, ಗೆದ್ದಲು ಹತ್ತಿದ ತೊಲೆಗೆ ಬಳಿಯುತ್ತಾರೆ, ಉಳಿದದ್ದು ಗ್ಯಾರೇಜಿನ ಹಿಂದಿನ ಎರೆಮಣ್ಣಿಗೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಕೊಡಬೇಕು. ಉಸ್ತಾದರು ಈಗ ಅದನ್ನು ಬ್ಯಾರಲ್ಲಿನಲ್ಲಿ ಕೂಡಿಡುತ್ತಾರೆ. ಖಾಲಿ ಡಬ್ಬಿಗಳನ್ನು ಮಾತ್ರ ಅವರು ಮೊದಲಿನಿಂದಲೂ ಮೊಳೆ ಹೊಡೆದು ತೂತು ಮಾಡಿಯೇ ಬಿಸಾಡುವವರು, ಯಾರೂ ಮತ್ತೆ ನಕಲಿ ಎಣ್ಣೆ ತುಂಬಿ ಮಾರಬಾರದೆಂದು.

ಟರ್ಬೊ ಬದಲಾದ ಮೇಲೆ ತಮ್ಮನ ಗಾಡಿ ಒಂದು ಲಕ್ಷ ಕಿಲೋಮೀಟರ್ ದಾಟಿದೆ, ರಾತ್ರಿಯ ಬಾಡಿಗೆಗಳೂ ನಡೆದಿವೆ. ಕಳೆದ ಬೇಸಿಗೆಯಲ್ಲಿ ಉಸ್ತಾದರು ಗ್ಯಾರೇಜಿನ ಒಂದು ಗೋಡೆಗೆ ಸುಣ್ಣ ಬಳಿಸಿ, ನನ್ನ ಕೈಯಿಂದ ಒಂದು ಪಟ್ಟಿ ಬರೆಸಿಕೊಂಡರು. ಎಡಕ್ಕೆ ಗಾಡಿಯ ಹೆಸರು, ಬಲಕ್ಕೆ ಎಣ್ಣೆಯ ಅಂಕಿ, ಕನ್ನಡದಲ್ಲಿ ಒಂದು ಸಲ, ಅದರ ಪಕ್ಕ ಅವರೇ ಉರ್ದುವಿನಲ್ಲಿ ಒಂದು ಸಲ. ಪಟ್ಟಿಯ ಕೊನೆಯಲ್ಲಿ ಹಳೆಯ ಜೀಪುಗಳ ಮುಂದೆ 20ಡಬ್ಲ್ಯೂ-50 ಎಂದೇ ಇದೆ. ಅದನ್ನು ಬರೆಯುವಾಗ ಅವರು ಪಕ್ಕದಲ್ಲೇ ನಿಂತು, "ಇದೊಂದು ದಪ್ಪ ಅಕ್ಷರದಾಗ ಬರೀರಿ ಸರಾ" ಅಂದರು. ಹಾಗೆಯೇ ಬರೆದೆ.